ವಾಹನ ದುರಸ್ತಿ: ಕ್ಷೇಮಕ್ರಮವೂ ದೋಷನಿದಾನವೂ

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸೀಮೆಯಲ್ಲಿಯೂ, ಅದೇ ಕಪಿಲೆಯ ದಂಡೆಯ ನಂಜನಗೂಡಿನ ಸೀಮೆಯಲ್ಲಿಯೂ ಎತ್ತಿನ ಗಾಡಿಯ ಕಾಲವನ್ನು ಕಂಡ ಹಿರಿಯರು ಇನ್ನೂ ಉಂಟು. ದಾರಿಯ ನಡುವೆ ಕಡಾಣಿ ಕಳಚಿ ಗಾಲಿ ವಾಲಿತೆಂದರೆ ಬಲ್ಲ ಗಾಡಿಯವನು ಮೊದಲು ಗಾಲಿಗೆ ಕೈಹಾಕುತ್ತಿರಲಿಲ್ಲ. ಎತ್ತುಗಳ ಕೊರಳಿನಿಂದ ನೊಗವನ್ನು ಇಳಿಸಿ, ಅವನ್ನು ಸಾಲುಮರಕ್ಕೆ ಕಟ್ಟಿ, ಸರಿಯಾಗಿರುವ ಗಾಲಿಯ ಹಿಂದೆ ಮುಂದೆ ಕಲ್ಲು ಕೊಟ್ಟು, ಅಚ್ಚಿನ ಕೆಳಗೆ ದಿಮ್ಮಿಯನ್ನು ನಿಲ್ಲಿಸಿ, ಅನಂತರವೇ ಕೆಟ್ಟ ಗಾಲಿಯನ್ನು ಮುಟ್ಟುತ್ತಿದ್ದನು. ಇದನ್ನು ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ. ಎತ್ತು ಬೆದರಿದರೆ ಏನಾಗುವುದೆಂಬುದು ಅವನ ಕಣ್ಣಿಗೆ ಕಾಣುತ್ತಿತ್ತು, ಅಷ್ಟೆ.

ಇಂದು ಆ ರಸ್ತೆಗಳಲ್ಲಿ ಓಡುವವು ಟ್ರ್ಯಾಕ್ಟರು, ಲಾರಿ, ಬಸ್ಸು, ಆಟೋರಿಕ್ಷಾ ಮತ್ತು ಲೆಕ್ಕವಿಲ್ಲದಷ್ಟು ಮೋಟಾರುಸೈಕಲ್ಲುಗಳು. ಕೋಳಿಕೋಡಿನಿಂದ ಹೊರಟು ನಂಜನಗೂಡು, ಮೈಸೂರು, ನರಸೀಪುರಗಳ ಮೇಲೆ ಹಾದು ಕೊಳ್ಳೇಗಾಲವನ್ನು ಸೇರುವ 766ನೆಯ ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲಗಳಲ್ಲಿ ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶೆಡ್ಡು, ಗ್ಯಾರೇಜುಗಳು ಸಾಲಾಗಿ ಎದ್ದಿವೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ತಿಂಗಳುಗಳಲ್ಲಂತೂ ಈ ಶೆಡ್ಡುಗಳಿಗೆ ಹಗಲು ರಾತ್ರಿಗಳ ಭೇದವಿರುವುದಿಲ್ಲ. ಹಳ್ಳಿಯ ಶಾಲೆಗಳಲ್ಲಿ ಓದಿ, ಕಾಲೇಜಿನ ಮೆಟ್ಟಿಲನ್ನು ಹತ್ತಲಾಗದ ಎಷ್ಟೋ ಹುಡುಗರಿಗೆ ಅನ್ನ ಕೊಟ್ಟಿರುವ ವಿದ್ಯೆ ಇದು. ಆದ್ದರಿಂದ ಉಪಾಧ್ಯಾಯರೂ, ವಾಹನಗಳ ಒಡೆಯರಾದ ಗೃಹಸ್ಥರೂ, ಸ್ವತಃ ಗ್ಯಾರೇಜು ನಡೆಸುವ ಹಳೆಯ ವಿದ್ಯಾರ್ಥಿಗಳೂ ಇದರ ಮೂಲಸೂತ್ರಗಳನ್ನು ಅರಿತಿರುವುದು ಯುಕ್ತವಾಗಿದೆ.

ಯಂತ್ರದಲ್ಲಿಯೂ ಎತ್ತುಗಳು ಉಂಟು. ಅವು ಕಾಣುವುದಿಲ್ಲ ಎಂಬುದೇ ಅಪಾಯದ ಬೀಜ. ಎಂಜಿನ್ನನ್ನು ನಿಲ್ಲಿಸಿದ ಮಾತ್ರಕ್ಕೆ ನೊಗ ಇಳಿಯಿತೆಂದು ತಿಳಿಯುವುದು ಭ್ರಮೆ. ಮೇಲೆತ್ತಿದ ಭಾರದಲ್ಲಿ, ಅದುಮಿಟ್ಟ ಸ್ಪ್ರಿಂಗಿನಲ್ಲಿ, ಕೊಳವೆಯೊಳಗಿನ ಎಣ್ಣೆಯಲ್ಲಿ, ತೊಟ್ಟಿಯಲ್ಲಿ ತುಂಬಿದ ಗಾಳಿಯಲ್ಲಿ, ಬ್ಯಾಟರಿಯಲ್ಲಿ, ಕುದಿಯುತ್ತಿರುವ ನೀರಿನಲ್ಲಿ ಶಕ್ತಿಯು ಮಲಗಿಕೊಂಡಿರುತ್ತದೆ. ದುರಸ್ತಿಗಾರನ ಮೊದಲ ಕರ್ತವ್ಯ ಇವುಗಳಲ್ಲಿ ಯಾವುದು ಎಲ್ಲಿದೆ ಎಂದು ಗುರುತಿಸಿ, ಒಂದೊಂದನ್ನೂ ಬಿಚ್ಚಿ ಬೇರೆ ಕಟ್ಟುವುದು.

ಇವುಗಳಲ್ಲಿ ಅತಿ ಸಾಮಾನ್ಯವಾದದ್ದೂ ಅತಿ ಹೆಚ್ಚು ಅಸಡ್ಡೆಗೆ ಪಾತ್ರವಾದದ್ದೂ ಮೇಲೆತ್ತಿದ ಭಾರ. ಜಾಕು ಎತ್ತುವ ಸಾಧನ, ಹೊರುವ ಸಾಧನವಲ್ಲ. ಹೈಡ್ರಾಲಿಕ್ ಜಾಕಿನೊಳಗೆ ಟನ್ನುಗಟ್ಟಲೆ ತೂಕವನ್ನು ತಡೆದು ನಿಲ್ಲಿಸಿರುವುದು ಸ್ವಲ್ಪ ಎಣ್ಣೆ, ಮತ್ತು ಆ ಎಣ್ಣೆಯು ಸೋರದಂತೆ ಹಿಡಿದಿರುವ ಒಂದು ರಬ್ಬರಿನ ಬಳೆ. ಆ ಬಳೆಯು ಹರಿಯುವ ಮುನ್ನ ಸದ್ದು ಮಾಡುವುದಿಲ್ಲ. ಆದ್ದರಿಂದ ಜಾಕಿನಿಂದ ಎತ್ತಿದ ಕೂಡಲೇ ಚಾಸಿಯ ಗಟ್ಟಿಯಾದ ಜಾಗದ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಭಾರವನ್ನು ಅವುಗಳ ಮೇಲೆ ಇಳಿಸಿ, ವಾಹನವನ್ನು ಒಮ್ಮೆ ಪಕ್ಕಕ್ಕೆ ತಳ್ಳಿ ಅಲುಗುವುದೋ ಇಲ್ಲವೋ ನೋಡಿ, ಅನಂತರ ಕೆಳಗೆ ಹೋಗಬೇಕು. ಸ್ಟ್ಯಾಂಡಿನ ಬದಲು ಇಟ್ಟಿಗೆ ಒಟ್ಟುವ ಪದ್ಧತಿ ಕೆಲವೆಡೆ ಇದೆ. ಒಂದೇ ಸಮನಾದ ಭಾರವನ್ನು ಗೋಡೆಯಲ್ಲಿ ಹೊರಬಲ್ಲ ಇಟ್ಟಿಗೆಯು ಕಬ್ಬಿಣದ ಮೂಲೆಯೊಂದು ಒತ್ತಿದರೆ ಒಡೆದು ಪುಡಿಯಾಗುತ್ತದೆ. ಟೊಳ್ಳಾದ ಸಿಮೆಂಟು ಇಟ್ಟಿಗೆಯ ಮಾತನ್ನು ಆಡುವುದೇ ಬೇಡ. ಗದ್ದೆಯ ಬದುವಿನಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತಾಗ ಜಾಕಿನ ಕೆಳಗೆ ಅಗಲವಾದ ಹಲಗೆಯನ್ನು ಹಾಸಬೇಕು. ನಾಲೆಯ ನೀರು ಕುಡಿದ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ.

ನಂಜನಗೂಡಿನ ದೊಡ್ಡ ಜಾತ್ರೆಯನ್ನು ಕಂಡವರಿಗೆ ಚಕ್ರಕ್ಕೆ ಅಡೆ ಕೊಡುವುದೆಂದರೇನೆಂದು ವಿವರಿಸಬೇಕಾದ ಅಗತ್ಯವಿಲ್ಲ. ಐದು ತೇರುಗಳ ಆ ಮೆರವಣಿಗೆಯಲ್ಲಿ ಶ್ರೀಕಂಠೇಶ್ವರನ ಗೌತಮರಥವನ್ನು ಎಳೆಯುವವರು ಸಾವಿರ ಮಂದಿಯಾದರೂ ಅದನ್ನು ತಿರುಗಿಸುವವರೂ ನಿಲ್ಲಿಸುವವರೂ ಚಕ್ರದ ಬುಡಕ್ಕೆ ಮರದ ಓರೆದಿಮ್ಮಿಯನ್ನು ಕೊಡುವ ಕೆಲವೇ ನುರಿತ ಆಳುಗಳು. ಅವರ ಕಣ್ಣು ಜನರ ಕಡೆಗಿರದೆ ಚಕ್ರದ ಕಡೆಗಿರುತ್ತದೆ. ಗ್ಯಾರೇಜಿನಲ್ಲಿ ಈ ಕೆಲಸ ಅಷ್ಟು ಕಷ್ಟದ್ದಲ್ಲ. ಎತ್ತದೆ ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ಅಡೆ ಕೊಡುವುದು ಅರ್ಧ ನಿಮಿಷದ ಮಾತು. ಹಿಂದಿನ ಗಾಲಿಯನ್ನು ಎತ್ತಿದಾಗ ಕೈಬ್ರೇಕಿನ ಪ್ರಯೋಜನವೇ ಇಲ್ಲವಾಗುವುದೆಂಬುದನ್ನು ಹಲವರು ಮರೆಯುತ್ತಾರೆ. ಬಹುತೇಕ ವಾಹನಗಳಲ್ಲಿ ಕೈಬ್ರೇಕು ಹಿಡಿಯುವುದು ಆ ಹಿಂದಿನ ಗಾಲಿಗಳನ್ನೇ.

ಕಬ್ಬು, ಮಣ್ಣು, ಗೊಬ್ಬರಗಳನ್ನು ಸಾಗಿಸುವ ಟಿಪ್ಪರ್ ಟ್ರೈಲರುಗಳ ವಿಷಯವಾಗಿ ಇನ್ನೂ ಒಂದು ಮಾತು ಇಲ್ಲಿಯೇ ಹೇಳತಕ್ಕದ್ದು. ಮೇಲಕ್ಕೆತ್ತಿದ ತೊಟ್ಟಿಯ ಕೆಳಗೆ ತಲೆಯಿಟ್ಟು ಗ್ರೀಸು ಹೊಡೆಯುವ, ಪೈಪು ಬದಲಿಸುವ ರೂಢಿ ಎಲ್ಲೆಲ್ಲಿಯೂ ಕಾಣುತ್ತದೆ. ತೊಟ್ಟಿಯನ್ನು ಎತ್ತಿ ಹಿಡಿದಿರುವುದು ಆ ಪೈಪಿನೊಳಗಿನ ಎಣ್ಣೆಯೇ. ಪೈಪು ಸಡಿಲಿಸಿದರೆ, ಅಥವಾ ಟ್ರ್ಯಾಕ್ಟರಿನ ಮೇಲೆ ಕುಳಿತ ಹುಡುಗನ ಕೈ ಸನ್ನೆಯ ಹಿಡಿಗೆ ತಗುಲಿದರೆ, ತೊಟ್ಟಿಯು ಕ್ಷಣಾರ್ಧದಲ್ಲಿ ಕೆಳಗಿಳಿಯುತ್ತದೆ. ಗಟ್ಟಿಯಾದ ಕಬ್ಬಿಣದ ಊರುಗೋಲನ್ನು ತೊಟ್ಟಿಗೂ ಚಾಸಿಗೂ ನಡುವೆ ಸಿಕ್ಕಿಸದೆ ಅಲ್ಲಿ ತಲೆಯನ್ನೂ ಇಡಬಾರದು, ಕೈಯನ್ನೂ ಇಡಬಾರದು. ವಾಹನದ ಕೆಳಗೆ ಆಳಿರುವಾಗ ಕೀಲಿಕೈಯು ಆ ಆಳಿನ ಕಿಸೆಯಲ್ಲಿಯೇ ಇರುವುದು ಒಳ್ಳೆಯದು. ಮಾಲೀಕನ ಕೈಯಲ್ಲಿ ಅಲ್ಲ, ಚಾಲಕನ ಕೈಯಲ್ಲಿಯೂ ಅಲ್ಲ. ಸ್ಟೇರಿಂಗಿಗೆ ‘ಕೆಳಗೆ ಆಳಿದ್ದಾನೆ’ ಎಂದು ಬರೆದ ರಟ್ಟನ್ನು ನೇತುಹಾಕುವುದಕ್ಕೆ ಖರ್ಚಾದರೂ ಏನು?

ಬೆಂಕಿಯ ವಿಷಯದಲ್ಲಿ ಲೋಕಾನುಭವವೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ತುಂಬಿದ ಪೆಟ್ರೋಲ್ ಟ್ಯಾಂಕು ಅಪಾಯಕಾರಿ, ಬರಿದಾದದ್ದು ನಿರಪಾಯ ಎಂಬುದು ಸಾಮಾನ್ಯರ ಎಣಿಕೆ. ವಾಸ್ತವವು ಇದಕ್ಕೆ ವಿಪರೀತ. ಉರಿಯುವುದು ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ಆ ಆವಿಯು ಶೇಕಡ 1.4ರಿಂದ 7.6ರವರೆಗೆ ಬೆರೆತಿದ್ದಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯೇ ಇರದು. ಬರಿದಾದ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಹದವಾಗಿ ಬೆರೆತು ಕಾದು ಕುಳಿತಿರುತ್ತವೆ. ‘ಖಾಲಿ ಮಾಡಿ ತಂದಿದ್ದೇನೆ, ಒಂದು ಟಾಕಾ ಹಾಕಿಕೊಡಿ’ ಎಂದು ವೆಲ್ಡಿಂಗ್ ಶೆಡ್ಡಿಗೆ ಟ್ಯಾಂಕನ್ನು ಹೊತ್ತು ತರುವವನು ತಿಳಿಯದೆ ಬಾಂಬನ್ನು ತಂದಿರುತ್ತಾನೆ. ಆವಿಯೆಲ್ಲ ಹೋಗುವಂತೆ ತೊಳೆದು, ಒಳಗಿನ ಗಾಳಿಯನ್ನು ಹೊರದೂಡಿ ಮಾಡುವ ವಿಧಾನ ಬಲ್ಲವರಿಗಲ್ಲದೆ ಅದು ಬೇರೆಯವರಿಗೆ ಸಲ್ಲದ ಕೆಲಸ. ಹೊಸ ಟ್ಯಾಂಕನ್ನು ಕೊಳ್ಳುವುದು ಅಗ್ಗ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲ ಹಿಡಿದು ಹರಿದು, ವಾಹನದ ಕೆಳಗೆ ಕೆಲಸ ಮಾಡಲೆಂದು ತೋಡಿರುವ ಗುಂಡಿಯಲ್ಲಿ ತಂಗುತ್ತದೆಂಬುದನ್ನೂ ನೆನಪಿಡಬೇಕು. ಬೀಡಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಬ್ಯಾಟರಿಗೆ ಚಾರ್ಜು ಕೊಡುವಾಗ ಹೊರಬರುವ ಜಲಜನಕವೂ ಇದೇ ಜಾತಿಯದು. ಗಾಳಿಯಲ್ಲಿ ಶೇಕಡ 4ರಷ್ಟು ಬೆರೆತರೂ ಅದು ಸಿಡಿಯಬಲ್ಲದು. ಬ್ಯಾಟರಿಯನ್ನು ಬಿಚ್ಚುವಾಗ ಋಣದ ತಂತಿಯನ್ನು ಮೊದಲು, ಧನದ ತಂತಿಯನ್ನು ಆಮೇಲೆ ತೆಗೆಯಬೇಕೆಂಬ ನಿಯಮವನ್ನು ಹುಡುಗರು ಮಂತ್ರದಂತೆ ಬಾಯಿಪಾಠ ಮಾಡಿರುತ್ತಾರೆ, ಅರ್ಥ ಕೇಳಿದರೆ ತಿಳಿಯದು. ವಾಹನದ ಮೈಯೆಲ್ಲ ಋಣಕ್ಕೆ ಸೇರಿದೆ. ಧನವನ್ನು ಮೊದಲು ಸಡಿಲಿಸಹೋದಾಗ ಸ್ಪ್ಯಾನರಿನ ಇನ್ನೊಂದು ತುದಿಯು ಮೈಯ ಯಾವ ಕಬ್ಬಿಣಕ್ಕೆ ತಗುಲಿದರೂ ಮಂಡಲ ಪೂರ್ಣವಾಗಿ ಕಿಡಿ ಹಾರುತ್ತದೆ. ಋಣವನ್ನು ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗದು. ಕಾರಣವನ್ನು ತಿಳಿದವನು ನಿಯಮವನ್ನು ಮರೆಯುವುದಿಲ್ಲ. ಕೂಡಿಸುವಾಗ ಕ್ರಮವು ತಿರುವುಮುರುವಾಗಬೇಕೆಂಬುದೂ ಅವನಿಗೆ ತಾನಾಗಿಯೇ ಹೊಳೆಯುತ್ತದೆ.

ಉಳಿದ ಕೆಲವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಬಿಸಿಯಾದ ರೇಡಿಯೇಟರಿನ ಮುಚ್ಚಳದ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯಬಲ್ಲದು. ಮುಚ್ಚಳ ತೆರೆದೊಡನೆ ಅದು ಉಗಿಯಾಗಿ ಮುಖಕ್ಕೆ ಎರಚುತ್ತದೆ. ಡೀಸೆಲ್ ನಾಜಲಿನ ಪೈಪು ಎಲ್ಲಿ ಸೋರುತ್ತಿದೆಯೆಂದು ಬೆರಳಿಟ್ಟು ನೋಡಕೂಡದು, ರಟ್ಟಿನ ಚೂರನ್ನು ಹಿಡಿದು ನೋಡಬೇಕು. ಹಳೆಯ ಎಂಜಿನ್ನುಗಳಲ್ಲಿಯೇ ಆ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟು, ಈಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ 1600 ಪಟ್ಟನ್ನೂ ಮೀರುತ್ತದೆ. ಆ ಎಳೆಯು ಚರ್ಮವನ್ನು ತೂರಿ ಒಳಹೊಕ್ಕರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ. ಆದರೆ ಅದೇ ದಿನ, ಅದೇ ಗಳಿಗೆ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಬಸ್ಸು ಲಾರಿಗಳ ಗಾಳಿಬ್ರೇಕಿನ ಹಿಂದಿನ ಡಬ್ಬಿಯಲ್ಲಿ ಅಡಗಿರುವ ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಬೋಲ್ಟಿನಿಂದ ಬಂಧಿಸದೆ ಪಟ್ಟಿಯನ್ನು ಬಿಚ್ಚಬಾರದು. ಬ್ರೇಕಿನ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಬಾರದು; ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದು ಉಂಟು, ಅದು ಶ್ವಾಸಕೋಶವನ್ನು ಸೇರಿದರೆ ಮತ್ತೆ ಹೊರಬರುವುದಿಲ್ಲ. ಮಳೆಯೆಂದು ಶಟರ್ ಇಳಿಸಿಕೊಂಡು ಒಳಗೆ ಎಂಜಿನ್ನನ್ನು ಓಡಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ತುಂಬುತ್ತದೆ. ಲಾಕ್‌ರಿಂಗ್ ಇರುವ ಲಾರಿಚಕ್ರಕ್ಕೆ ಗಾಳಿ ತುಂಬುವಾಗ ಅದನ್ನು ಕಬ್ಬಿಣದ ಪಂಜರದೊಳಗಿಟ್ಟು, ದೂರದಲ್ಲಿ ಪಕ್ಕಕ್ಕೆ ನಿಂತು ತುಂಬಬೇಕು.

ನೊಗ ಇಳಿಸಿದ್ದಾಯಿತು. ಇನ್ನು ದೋಷವನ್ನು ಹುಡುಕುವ ಬಗೆ.

ವೈದ್ಯಶಾಸ್ತ್ರದಲ್ಲಿ ನಿದಾನ ಚಿಕಿತ್ಸೆಗಿಂತ ಮೊದಲು ಬರುತ್ತದೆ. ಗ್ಯಾರೇಜಿನಲ್ಲಿ ಇದು ಬಹಳ ಸಲ ಹಿಂದುಮುಂದಾಗುವುದೇ ಮಾಲೀಕನ ಹಣ ಪೋಲಾಗುವುದಕ್ಕೂ ಮೆಕ್ಯಾನಿಕ್ಕಿನ ಹೆಸರು ಕೆಡುವುದಕ್ಕೂ ಕಾರಣ. ವಾಹನ ಬಂದ ಕೂಡಲೇ ಸ್ಪ್ಯಾನರು ಹಿಡಿಯುವವನು, ಗೊತ್ತಿರುವ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗಿ, ಕೊನೆಯದನ್ನು ಬದಲಿಸಿದಾಗ ಸರಿಹೋದರೆ ಅದೇ ಕಾರಣವೆಂದು ನಂಬುತ್ತಾನೆ. ಮುಂದಿನ ಸಲವೂ ಅಲ್ಲಿಂದಲೇ ಆರಂಭಿಸುತ್ತಾನೆ.

ತರ್ಕವನ್ನು ಓದಿದವರಿಗೆ ಇಲ್ಲಿ ಪರಿಚಿತವಾದ ದೃಶ್ಯವೊಂದು ಕಾಣುತ್ತದೆ. ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಹಿಡಿದು ಕುಳಿತ ಬಾಲಕನಿಗೆ ಮೊದಲು ಸಿಗುವ ಉದಾಹರಣೆಯೇ ಹೊಗೆ ಮತ್ತು ಬೆಂಕಿ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಉಂಟೆಂದು ಹೇಳಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಉಂಟೆಂದು ಹೇಳಲಾಗದು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಸೌದೆಯ ಸಂಬಂಧವೂ ಬೇಕು. ಶಾಸ್ತ್ರಕಾರರು ಕಂಡ ಈ ಹಸಿಸೌದೆಯನ್ನು ಡೀಸೆಲ್ ಎಂಜಿನ್ನಿನ ಹೊಗೆಕೊಳವೆಯ ಮುಂದೆ ನಿಂತು ನೆನೆಯುವುದು ವ್ಯರ್ಥವಾಗುವುದಿಲ್ಲ. ‘ಹೊಗೆ ಬರುತ್ತಿದೆ, ನಾಜಲ್ ಹೋಗಿದೆ’ ಎನ್ನುವುದು ಅವಸರದ ಅನುಮಾನ. ಯಾವ ಹೊಗೆ? ಕಪ್ಪು ಹೊಗೆಯಾದರೆ ಎಣ್ಣೆಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲವೆಂದು ಅರ್ಥ. ಕಬ್ಬಿನ ಗದ್ದೆಯ ಧೂಳಿನಲ್ಲಿ ತಿಂಗಳುಗಟ್ಟಲೆ ದುಡಿದ ಟ್ರ್ಯಾಕ್ಟರಿನ ಏರ್ ಕ್ಲೀನರನ್ನು ಬಿಚ್ಚಿ ತೊಳೆದರೇ ಸಾಕಾಗಬಹುದು, ಹೊರೆ ಮಿತಿಮೀರಿದ್ದರೂ ಆಗಬಹುದು, ನಾಜಲ್ ಜಿನುಗುತ್ತಿದ್ದರೂ ಆಗಬಹುದು. ನೀಲಿಯಾದರೆ ಎಂಜಿನ್ ಆಯಿಲ್ ಒಳಹೊಕ್ಕು ಉರಿಯುತ್ತಿದೆ. ಬಿಳಿಯದು ಬೆಳಗಿನ ಚಳಿಯಲ್ಲಿ ಮಾತ್ರ ಕಂಡು ಆಮೇಲೆ ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದೆ ರೇಡಿಯೇಟರಿನ ನೀರೂ ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ಕಣ್ಣು ಹಾಯಿಸಬೇಕು.

ಒಂದೇ ಚಿಹ್ನೆ ಎರಡು ಕಾರಣಗಳಿಗೆ ಸಾಧಾರಣವಾಗಿದ್ದಾಗ ಅದರಿಂದ ಒಂದನ್ನೇ ಸಾಧಿಸಹೊರಡುವುದನ್ನು ನೈಯಾಯಿಕರು ಅನೈಕಾಂತಿಕ ಹೇತುವೆಂದು ಕರೆದು ಹೇತ್ವಾಭಾಸಗಳಲ್ಲಿ ಸೇರಿಸಿದರು. ಇದಕ್ಕೆ ಮೈಸೂರು ಸೀಮೆಯ ಗ್ಯಾರೇಜುಗಳು ಒದಗಿಸುವ ಉದಾಹರಣೆ ಜಾವಾ ಮೋಟಾರುಸೈಕಲ್ಲು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾವನ್ನೂ, 1973ರಿಂದ 1996ರವರೆಗೆ ಯೆಜ್ಡಿ ಎಂಬ ಹೆಸರಿನ ಗಾಡಿಯನ್ನೂ ತಯಾರಿಸಿತು. ಕಿಕ್ಕರಿನ ಸನ್ನೆಯೇ ಗೇರಿನ ಸನ್ನೆಯೂ ಆಗಿದ್ದ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿದ್ದ, ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಓಡಿಸುವ ಆ ಗಾಡಿಗಳು ಕಾರ್ಖಾನೆ ಮುಚ್ಚಿ ದಶಕಗಳಾದರೂ ಈ ಸೀಮೆಯಲ್ಲಿ ಓಡುತ್ತಲೇ ಇವೆ. ಅವುಗಳ ರಚನೆ ಸರಳವಾದುದರಿಂದ ಕಲಿಯುವ ಹುಡುಗನಿಗೆ ಅವುಗಳಿಗಿಂತ ಉತ್ತಮವಾದ ಪಾಠಪುಸ್ತಕ ಇಲ್ಲ.

ಅಂಥ ಗಾಡಿಯೊಂದನ್ನು ಗ್ಯಾರೇಜಿಗೆ ತಂದವನು, “ಓಡ್ತಾ ಓಡ್ತಾ ನಿಂತೋಯ್ತದೆ ಕಣಣ್ಣ, ಒಂದು ಗಳಿಗೆ ಬಿಟ್ಟು ಕಿಕ್ ಹೊಡುದ್ರೆ ಮತ್ತೆ ಹೊರಡ್ತದೆ” ಎನ್ನುತ್ತಾನೆಂದು ಇಟ್ಟುಕೊಳ್ಳೋಣ. ಬಿಸಿಯಾದಾಗ ಕೆಡುವುದು ಕಾಯಿಲ್ ಅಥವಾ ಕಂಡೆನ್ಸರಿನ ಸ್ವಭಾವ. ತಣ್ಣಗಾದರೆ ಅವು ಮತ್ತೆ ಸುಸ್ಥಿತಿಗೆ ಬರುವುದೂ ಉಂಟು. ಆದ್ದರಿಂದ ಕಾಯಿಲ್ ಬದಲಿಸಲಾಗುತ್ತದೆ. ಗಾಡಿ ಮತ್ತೆ ನಿಲ್ಲುತ್ತದೆ. ಕಂಡೆನ್ಸರ್, ಪಾಯಿಂಟ್, ಪ್ಲಗ್, ಒಂದಾದಮೇಲೊಂದು ಬದಲಾಗುತ್ತವೆ. ಗಾಡಿ ನಿಲ್ಲುವುದನ್ನು ಬಿಡುವುದಿಲ್ಲ. ಏಕೆಂದರೆ ಆ ಚಿಹ್ನೆಗೆ ಇನ್ನೊಂದು ಕಾರಣವೂ ಇದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲೆಂದು ಒಂದು ಸಣ್ಣ ರಂಧ್ರವಿರುತ್ತದೆ. ಅದು ಧೂಳಿನಿಂದಲೋ ಬಣ್ಣದಿಂದಲೋ ಮುಚ್ಚಿಹೋದರೆ, ಪೆಟ್ರೋಲು ಇಳಿದಂತೆಲ್ಲ ಮೇಲೆ ಶೂನ್ಯ ಬೆಳೆದು, ಇಳಿಯುವುದು ನಿಂತುಹೋಗುತ್ತದೆ. ಗಾಡಿ ನಿಂತ ಮೇಲೆ ಗಾಳಿ ಸ್ವಲ್ಪ ಸ್ವಲ್ಪವಾಗಿ ಒಳನುಸುಳಿ, ಕಾರ್ಬೊರೇಟರು ಮತ್ತೆ ತುಂಬಿ, ಗಾಡಿ ಹೊರಡುತ್ತದೆ. ಕಾಯಿಲ್ ತಣ್ಣಗಾದದ್ದಕ್ಕೂ ಇದಕ್ಕೂ ಹೊರನೋಟಕ್ಕೆ ಕಿಂಚಿತ್ತೂ ವ್ಯತ್ಯಾಸವಿಲ್ಲ.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಎಷ್ಟು ಸುಲಭವೆಂದರೆ, ಅದನ್ನು ಮಾಡದೆ ಹೋದವರ ಬಗ್ಗೆ ಅಚ್ಚರಿಯಾಗುತ್ತದೆ. ಗಾಡಿ ನಿಲ್ಲುವವರೆಗೆ ಓಡಿಸಬೇಕು. ನಿಂತ ಕೂಡಲೇ, ಕಾಯದೆ, ಟ್ಯಾಂಕಿನ ಮುಚ್ಚಳವನ್ನು ತೆರೆದು ಕಿವಿಗೊಡಬೇಕು. ಬುಸ್ಸೆಂದು ಗಾಳಿ ಒಳಸೇರಿ, ತುಸು ಹೊತ್ತಿನಲ್ಲೇ, ಎಂಜಿನ್ ಇನ್ನೂ ಬಿಸಿಯಾಗಿರುವಾಗಲೇ ಕಿಕ್ಕಿಗೆ ಹೊರಟರೆ ಕಾಯಿಲ್ಲಿನ ಮೇಲಣ ಆರೋಪ ಬಿದ್ದುಹೋಯಿತು. ಹೊರಡದಿದ್ದರೆ ಆಗ ಪ್ಲಗ್ ಬಿಚ್ಚಿ ಕಿಡಿಯನ್ನು ನೋಡಬೇಕು. ಅದೂ ಬಿಸಿಯಲ್ಲಿರುವಾಗಲೇ; ತಣ್ಣಗಾದ ಮೇಲೆ ಗ್ಯಾರೇಜಿನ ನೆರಳಿನಲ್ಲಿ ನೋಡಿದ ಕಿಡಿಯು ಯಾವುದನ್ನೂ ಸಾಬೀತುಪಡಿಸದು. ಇಲ್ಲಿಯೂ ಕ್ಷೇಮದ ಮಾತು ಮತ್ತೆ ಬರುತ್ತದೆ: ಬಿಚ್ಚಿದ ಪ್ಲಗ್ಗನ್ನು ಅದರ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಮೈಗೆ ತಾಗಿಸಿ ಹಿಡಿಯಬೇಕು, ಟ್ಯಾಂಕಿನ ಮುಚ್ಚಳ ಮುಚ್ಚಿರಬೇಕು, ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿರಬೇಕು. ಕಿಕ್ ಹೊಡೆದಾಗ ಆ ರಂಧ್ರದಿಂದ ಪೆಟ್ರೋಲಿನ ಆವಿಯೇ ಚಿಮ್ಮುತ್ತದೆ.

ಮೆಕ್ಯಾನಿಕ್ಕು ಕೇಳಬೇಕಾದ ಪ್ರಶ್ನೆಗಳಲ್ಲಿ ‘ಏನಾಯಿತು’ ಎಂಬುದಕ್ಕಿಂತ ‘ಯಾವಾಗ ಆಯಿತು’ ಎಂಬುದೇ ಮುಖ್ಯವೆಂಬುದು ಇದರಿಂದ ಸ್ಪಷ್ಟ. ಬಿಸಿಯಾದ ಮೇಲೋ, ತಣ್ಣಗಿರುವಾಗಲೋ? ಏರು ಹತ್ತುವಾಗಲೋ, ಇಳಿಯುವಾಗಲೋ? ಟ್ಯಾಂಕು ತುಂಬಿದ್ದಾಗಲೂ ಹೀಗೆಯೋ? ಈಚೆಗೆ ಯಾರಾದರೂ ಏನನ್ನಾದರೂ ಬಿಚ್ಚಿದ್ದರೋ? ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಅನೇಕ ವೇಳೆ ರೋಗದ ಮೂಲವಾಗಿರುತ್ತದೆ. ಮಾಲೀಕನ ಮಾತನ್ನು ಅವನ ಮಾತಿನಲ್ಲಿಯೇ ಕೇಳಿಸಿಕೊಳ್ಳುವುದೂ ಒಂದು ವಿದ್ಯೆ. ‘ಪಿಕಪ್ ಇಲ್ಲ’, ‘ಮಿಸ್ ಹೊಡೆಯುತ್ತದೆ’, ‘ಎಂಜಿನ್ ಕೆಮ್ಮುತ್ತದೆ’, ‘ಸ್ಟೇರಿಂಗು ಎಡಕ್ಕೆ ಎಳೆಯುತ್ತದೆ’ ಎಂಬ ಈ ಮಾತುಗಳು ನಿಘಂಟಿನಲ್ಲಿ ಇಲ್ಲದಿರಬಹುದು. ಪಾರಿಭಾಷಿಕ ಪದಗಳನ್ನು ಟಂಕಿಸುವ ವಿದ್ವಾಂಸರು ಇವುಗಳನ್ನು ಕೇಳಿ ಮುಖ ಸಿಂಡರಿಸಲೂಬಹುದು. ಆದರೂ ಒಂದೊಂದೂ ಒಂದೊಂದು ಬೇರೆ ದೋಷವನ್ನು ಕರಾರುವಾಕ್ಕಾಗಿ ಹೇಳುತ್ತದೆ. ಕೆಮ್ಮುವ ಎಂಜಿನ್ನೂ ಮಿಸ್ ಹೊಡೆಯುವ ಎಂಜಿನ್ನೂ ಒಂದಲ್ಲವೆಂದು ಅಕ್ಷರ ಬಾರದ ಚಾಲಕನೂ ಬಲ್ಲನು.

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನ್ಯಾಯದರ್ಶನವು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಗ್ಯಾರೇಜಿನಲ್ಲಿ ನಾಲ್ಕಕ್ಕೂ ಎಡೆಯುಂಟು. ಮಾಲೀಕನ ಹೇಳಿಕೆಯೂ ತಯಾರಕರ ಕೈಪಿಡಿಯೂ ಶಬ್ದ. ಅದೇ ಮಾದರಿಯ ಸುಸ್ಥಿತಿಯ ಗಾಡಿಯ ಪಕ್ಕದಲ್ಲಿ ನಿಲ್ಲಿಸಿ ಸದ್ದನ್ನು ಹೋಲಿಸುವುದನ್ನು ಉಪಮಾನವೆನ್ನಬಹುದು. ಶಾಸ್ತ್ರದ ಕಟ್ಟುನಿಟ್ಟಿನ ಅರ್ಥದಲ್ಲಿ ಹಾಗೆನ್ನಲಾಗದೆಂದು ನೈಯಾಯಿಕರು ಆಕ್ಷೇಪಿಸಿದರೆ ಅದು ನ್ಯಾಯವೇ. ಪ್ರತ್ಯಕ್ಷಕ್ಕೆ ಈಗ ಮಲ್ಟಿಮೀಟರಿನ ಸಹಾಯವೂ ಬಂದಿದೆ. ಸೆಲ್ಫ್ ತಿರುಗದ ವಾಹನಕ್ಕೆ ಹೊಸ ಬ್ಯಾಟರಿ ಹಾಕಿಸುವ ಮೊದಲು, ಬ್ಯಾಟರಿಯ ಕಂಬಕ್ಕೂ ಅದಕ್ಕೆ ಬಿಗಿದ ಹಿಡಿಕೆಗೂ ನಡುವೆ ಮೀಟರನ್ನು ಇಟ್ಟು ಸೆಲ್ಫ್ ಹೊಡೆದು ನೋಡಲಿ. ಅಲ್ಲಿ ಏನೂ ತೋರಬಾರದು. ಅರ್ಧ ವೋಲ್ಟು ತೋರಿದರೂ ಕಿಲುಬು ಹಿಡಿದ ಆ ಕೂಟವೇ ವಿದ್ಯುತ್ತನ್ನು ತಿನ್ನುತ್ತಿದೆ. ಉಪ್ಪುಕಾಗದದಿಂದ ಉಜ್ಜಿದರೆ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿಗಳ ಬ್ಯಾಟರಿಯನ್ನು ಬಲಿಕೊಡುವುದು ಪ್ರತಿನಿತ್ಯ ನಡೆಯುತ್ತಿದೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಮಿತಿ ಜಾರಿಗೆ ಬಂದ ಮೇಲೆ ದ್ವಿಚಕ್ರಗಳಿಂದಲೂ ಕಾರ್ಬೊರೇಟರು ಮರೆಯಾಗತೊಡಗಿ, ಸೆನ್ಸರುಗಳೂ ಸ್ಕ್ಯಾನರೂ ಗ್ಯಾರೇಜನ್ನು ಪ್ರವೇಶಿಸಿವೆ. ಸ್ಕ್ಯಾನರು ದೋಷದ ಸಂಖ್ಯೆಯೊಂದನ್ನು ತೋರಿಸಿದೊಡನೆ ಆ ಸೆನ್ಸರನ್ನೇ ಬದಲಿಸುವವರು ಹಳೆಯ ಕಾಯಿಲ್ ಬದಲಿಸುತ್ತಿದ್ದವರ ವಂಶದವರೇ. ಆಮ್ಲಜನಕದ ಸೆನ್ಸರು ‘ಗಾಳಿ ಹೆಚ್ಚಾಗಿದೆ’ ಎಂದು ಹೇಳಿದರೆ, ಅದು ಕೆಟ್ಟು ಸುಳ್ಳು ಹೇಳುತ್ತಿರಬಹುದು. ಹೊಗೆಕೊಳವೆಯ ಬಿರುಕಿನಿಂದ ಗಾಳಿ ನುಗ್ಗುತ್ತಿರುವುದನ್ನು ಕಂಡು ನಿಜವನ್ನೇ ಹೇಳುತ್ತಲೂ ಇರಬಹುದು. ಸಾಕ್ಷಿಯು ನುಡಿದದ್ದು ತೀರ್ಪಲ್ಲ. ವಿದ್ಯುತ್ ವಾಹನಗಳಲ್ಲಿ ಅಪಾಯವೇ ಮಾತಾಡದೆ ಕುಳಿತಿರುತ್ತದೆ: ಆಟೋಗಳಲ್ಲಿ ಸಾಮಾನ್ಯವಾಗಿ 48 ವೋಲ್ಟಿನಷ್ಟಿರುವ ಒತ್ತಡ ಕಾರುಗಳಲ್ಲಿ 300, 400ಕ್ಕೆ ಏರುತ್ತದೆ. ಕಿತ್ತಳೆ ಬಣ್ಣದ ತಂತಿ ಕಂಡರೆ, ಅದಕ್ಕೆಂದೇ ತರಬೇತಿ ಪಡೆದವನಲ್ಲದೆ ಇನ್ನೊಬ್ಬನು ಕೈಯಿಡಬಾರದು. ಬಿಡಿಸುವ ಪ್ಲಗ್ಗನ್ನು ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳು ಬರಿದಾಗಲು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು.

ಈ ವಿದ್ಯೆಯನ್ನು ಕಲಿಯುವ ಮಾರ್ಗಗಳು ಇಂದು ಇಲ್ಲದೆ ಇಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಮೋಟಾರು ವಾಹನದ ಮೆಕ್ಯಾನಿಕ್ಕಿಗೆ ಎರಡು ವರ್ಷಗಳ, ಡೀಸೆಲ್ ಮೆಕ್ಯಾನಿಕ್ಕಿಗೆ ಒಂದು ವರ್ಷದ ವ್ಯಾಸಂಗವಿದೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯು 14 ವರ್ಷ ತುಂಬದವರನ್ನು ಇಂಥ ಶೆಡ್ಡುಗಳಲ್ಲಿ ದುಡಿಮೆಗೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಆದರೂ ರಜೆಯಲ್ಲಿ ‘ಸುಮ್ಮನೆ ಕಲಿಯಲಿ’ ಎಂದು ಶೆಡ್ಡಿಗೆ ಬಿಟ್ಟುಹೋಗುವ ತಂದೆತಾಯಿಗಳು ಉಂಟು, ಬ್ರೇಕಿನ ಧೂಳನ್ನು ಊದುವ ಕೆಲಸ ಮೊದಲು ಆ ಹುಡುಗನ ಪಾಲಿಗೇ ಬರುವುದೂ ಉಂಟು. ಹಾಜರಿಪಟ್ಟಿಯಲ್ಲಿ ಒಂದು ಹೆಸರು ವಾರಗಟ್ಟಲೆ ಗೈರುಹಾಜರಾದಾಗ ಉಪಾಧ್ಯಾಯರು ಆ ಶೆಡ್ಡಿನವರೆಗೆ ಒಮ್ಮೆ ನಡೆದುಹೋಗಿ ಬರಬಹುದು. ಮಾಲೀಕರ ಅವಸರವೂ ಇದಕ್ಕೆ ಹೊರತಲ್ಲ. ಕಾರ್ಖಾನೆಯ ಸರದಿ ತಪ್ಪಿಹೋದೀತೆಂದು ‘ಬೇಗ, ಬೇಗ’ ಎಂದು ತಲೆಯ ಮೇಲೆ ನಿಂತವರ ಎದುರಿನಲ್ಲಿ ಸ್ಟ್ಯಾಂಡು ಹುಡುಕಲು ಹೋಗುವ ಧೈರ್ಯ ಹದಿನೆಂಟರ ಹುಡುಗನಿಗೆ ಎಲ್ಲಿಂದ ಬರಬೇಕು?

ದುರಸ್ತಿಯು ಮುಗಿಯುವುದು ನಟ್ಟು ಬಿಗಿದಾಗ ಅಲ್ಲ. ಬ್ರೇಕು ಬಿಚ್ಚಿ ಕೂಡಿಸಿದ ವಾಹನವನ್ನು ಅಲುಗಿಸುವ ಮೊದಲು, ನಿಂತಲ್ಲಿಯೇ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಮೊದಲ ಒತ್ತಿಗೆ ಅದು ನೆಲಕ್ಕೇ ಹೋಗುವುದು ಸಹಜ, ಹಾಗೆ ಹೋಗುವುದು ಇಳಿಜಾರಿನಲ್ಲಿ ಆಗಬಾರದು. ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, 50ರಿಂದ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕೆಂದು ಮಾಲೀಕನಿಗೆ ತಿಳಿಸಬೇಕು. ಕೊನೆಗೆ ಒಂದು ನೋಟ್‌ಬುಕ್ಕು. ನೂರು ಪುಟದ ಸಾಮಾನ್ಯ ಪುಸ್ತಕ ಸಾಕು, ಕನ್ನಡದಲ್ಲಿಯೇ ಬರೆಯಬಹುದು. ಗಾಡಿಯ ನಂಬರು, ಮಾಲೀಕನ ಮಾತು, ಯಾವಾಗ ಆಗುತ್ತದೆ, ಏನನ್ನು ಪರೀಕ್ಷಿಸಲಾಯಿತು, ಏನನ್ನು ಬದಲಿಸಲಾಯಿತು ಎಂದು ಗೆರೆ ಎಳೆದು, ಪಕ್ಕದಲ್ಲಿ ಇನ್ನೊಂದು ಸಾಲನ್ನು ಖಾಲಿ ಬಿಡಬೇಕು; ಯಾವುದು ಕಾರಣವಲ್ಲವೆಂದು ಗೊತ್ತಾಯಿತೋ ಅದನ್ನು ಬರೆಯುವುದಕ್ಕೆ. ಮೇಲೆ ಹೇಳಿದ ಜಾವಾ ಗಾಡಿಯ ಮುಂದೆ ಆ ಸಾಲಿನಲ್ಲಿ ‘ಕಾಯಿಲ್, ಕಂಡೆನ್ಸರ್, ಪಾಯಿಂಟ್, ಪ್ಲಗ್’ ಎಂದೂ, ಖರ್ಚಿನ ಕಾಲಮ್ಮಿನಲ್ಲಿ ‘ಮುಚ್ಚಳದ ರಂಧ್ರಕ್ಕೆ ಒಂದು ಸೂಜಿ’ ಎಂದೂ ಇರುತ್ತದೆ.